ಕಾಫಿ ಪುಡಿ ಬೇಗ ತೂಗಲು ಕೋವಿ ಹಾರಿಸುವವರ ಉಪಾಯ: ನನ್ನ ಅನುಭವ

ದಿನಕ್ಕೆ ನೂರಕ್ಕಿಂತ ಜಾಸ್ತಿ ಕಾಫಿ ಪುಡಿ ಪೊಟ್ಟಣ ತುಂಬಿಸಬೇಕು ಅಂದರೆ ಲಕ್ಷ ರೂಪಾಯಿಯ ಮಷೀನು ಬೇಕೇ ಬೇಕು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ನಾನು ಸುಮಾರು ಒಂಬತ್ತು ಸಾವಿರದಲ್ಲಿ ಮುಗಿಸಿದ್ದೇನೆ. ಗಂಟೆಗೆ ಇನ್ನೂರರ ಹತ್ತಿರ ಪೊಟ್ಟಣ ಆಗುತ್ತಿದೆ. "ಇದೆಲ್ಲ ಎರಡು ದಿನದ ಆಟ ಮಾರಾಯ" ಅಂದಿದ್ದ ಭಾವ ಈಗ ಬಂದು ಪಕ್ಕದಲ್ಲಿ ನಿಂತು ನೋಡುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಹುರಿಯುವುದು, ಬೀಸುವುದು ನಿಮಗೆಲ್ಲ ಗೊತ್ತಿರುವುದೇ. ಅಲ್ಲಿಗೆ ಹೋಗುವುದಿಲ್ಲ. ಕೊಡಗಿನ ಸುಂಟಿಕೊಪ್ಪದ ಈಚೆ ನಮ್ಮದು ಸಣ್ಣ ಘಟಕ. ಸ್ವಂತ ತೋಟದ ರೊಬಸ್ಟಾ, ಸ್ವಲ್ಪ ಅರೇಬಿಕಾ, ಜೊತೆಗೆ ಚಿಕೋರಿ. ಹೋಗುವುದು ಹೆಚ್ಚಾಗಿ 200 ಗ್ರಾಂ ಪೊಟ್ಟಣ. ಮೊದಲು ಅಡುಗೆಮನೆಯ ತಕ್ಕಡಿ, ಒಂದು ಸೌಟು, ಒಂದು ಚಮಚ ಇಟ್ಟುಕೊಂಡು ಮಾಡುತ್ತಿದ್ದೆವು. ಗಂಟೆಗೆ ಎಪ್ಪತ್ತು ಪೊಟ್ಟಣ ಆದರೆ ದೊಡ್ಡದು. ಸೌಟು ಸುರಿದಾಗ 208 ಆಗುತ್ತದೆ. ಚಮಚದಲ್ಲಿ ತೆಗೆದರೆ 197. ಮತ್ತೆ ಹಾಕಿದರೆ 203. ಸಮಯ ಹೋಗುತ್ತಿದ್ದದ್ದು ಅಲ್ಲೇ, ಸುರಿಯುವುದರಲ್ಲಿ ಅಲ್ಲ.

ದುಡ್ಡೂ ಅಲ್ಲೇ ಹೋಗುತ್ತಿತ್ತು. ಬೇಸರ ಬಂದಾಗ 203ಕ್ಕೇ ಪೊಟ್ಟಣದ ಬಾಯಿ ಮುಚ್ಚಿಬಿಡುತ್ತೇವೆ ಅಲ್ವಾ? ಮೂರು ಗ್ರಾಂ ಏನು ಮಹಾ ಅನ್ನಿಸುತ್ತದೆ. ಸಾವಿರ ಪೊಟ್ಟಣಕ್ಕೆ ಮೂರು ಕೆ.ಜಿ. ಆಯಿತು. ಕೆ.ಜಿ.ಗೆ ಏಳುನೂರು ಹಿಡಿದರೆ ಎರಡು ಸಾವಿರದ ನೂರು ರೂಪಾಯಿ ಸುಮ್ನೆ ದಾನ. ಹಾಗಂತ ಕಡಿಮೆ ಹಾಕುವ ಹಾಗಿಲ್ಲ. ಪೊಟ್ಟಣ ಕಟ್ಟಿ ಮಾರುವ ಸಾಮಾನಿಗೆ ಇರುವ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ 200 ಗ್ರಾಂ ಪೊಟ್ಟಣಕ್ಕೆ ಶೇ 4.5, ಅಂದರೆ 9 ಗ್ರಾಂವರೆಗೆ ಹೆಚ್ಚುಕಮ್ಮಿಗೆ ಅವಕಾಶ ಇದೆ. ಆದರೆ ಪೊಟ್ಟಣಗಳ ಸರಾಸರಿ ತೂಕ ಮೇಲೆ ಬರೆದದ್ದಕ್ಕಿಂತ ಕೆಳಗೆ ಹೋಗಬಾರದು. ಕೆಲವರು ಆ 9 ಗ್ರಾಂ ತಮ್ಮ ಲಾಭಕ್ಕೆ ಇರುವುದು ಅಂದುಕೊಂಡಿದ್ದಾರೆ. ಅದು ಬೇರೆ ಕಥೆ.

ಮೊದಲು ತಂದದ್ದು ನಡುಗಿಸಿ ತೂಗುವ ಮಷೀನು. ಮೇಲೆ ಪುಡಿ ಹಾಕುವ ಡಬ್ಬ, ಕೆಳಗೆ ನಡುಗುವ ತಟ್ಟೆ, ಅದರ ಕೆಳಗೆ ತಕ್ಕಡಿ. ಗ್ರಾಂ ಒತ್ತಿದರೆ ತಾನೇ ತೂಗಿ ಸುರಿಯುತ್ತದೆ. ಹದಿನೆಂಟು ಸಾವಿರ ಕೊಟ್ಟೆ. ಅಂಗಡಿಯಲ್ಲಿ ಸಕ್ಕರೆ ಹಾಕಿ ತೋರಿಸಿದ್ದರು, ಚೆನ್ನಾಗಿಯೇ ಬಿತ್ತು. ಸಕ್ಕರೆ, ಬೇಳೆ, ಟೀ ಪುಡಿ ಇದ್ದವರು ಧಾರಾಳವಾಗಿ ತೆಗೆದುಕೊಳ್ಳಿ. ಫಿಲ್ಟರ್ ಕಾಫಿಗೆ ಬೀಸಿದ ಪುಡಿ, ಅದರಲ್ಲೂ ಚಿಕೋರಿ ಬೆರೆತದ್ದು, ಡಬ್ಬದ ಕುತ್ತಿಗೆಯಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ. ಕೈಯಿಂದ ತಟ್ಟಿದರೆ ಒಮ್ಮೆಲೇ ಮೂವತ್ತು ಗ್ರಾಂ ದಬಕ್ಕನೆ ಬೀಳುತ್ತದೆ. ಮೇಲಿಂದ ನಮ್ಮ ವೋಲ್ಟೇಜು. ಕರೆಂಟು ಇಳಿದರೆ ನಡುಕವೂ ಇಳಿಯುತ್ತದೆ, ಪುಡಿ ಬರುವ ವೇಗವೂ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಕರೆಂಟಿನ ಕಥೆ ಕೇಳಲೇಬೇಡಿ. ಸ್ಟೆಬಿಲೈಸರ್ ಹಾಕಿ ನೋಡಿದೆ, ಅದಕ್ಕೆ ಮತ್ತೆ ಮೂರು ಸಾವಿರ. ಕೊನೆಗೆ ಕುಶಾಲನಗರದ ಒಬ್ಬ ಬೇಳೆ ವ್ಯಾಪಾರಿಗೆ ಏಳು ಸಾವಿರಕ್ಕೆ ಕೊಟ್ಟೆ. ಅವರ ಕಡೆ ಈಗಲೂ ಓಡುತ್ತಿದೆಯಂತೆ.

ಸ್ಕ್ರೂ ತಿರುಗಿ ಪುಡಿ ತಳ್ಳುವ ಆಗರ್ ಮಷೀನಿಗೆ ಕೊಟೇಶನ್ ತರಿಸಿದೆ. ಒಂದು ಲಕ್ಷದ ಹತ್ತು ಸಾವಿರ, ಜಿಎಸ್‌ಟಿ ಬೇರೆ. ಒಳ್ಳೆಯ ಮಷೀನು, ಇಲ್ಲ ಅನ್ನಲ್ಲ. ಆದರೆ 50 ಗ್ರಾಂಗೆ ಒಂದು ಸ್ಕ್ರೂ, 500ಕ್ಕೆ ಇನ್ನೊಂದು. ಪುಡಿ ಸ್ವಲ್ಪ ದಪ್ಪ ಬೀಸಿದ್ದರೆ ಸ್ಕ್ರೂ ನಿಂತ ಮೇಲೂ ಉದುರುತ್ತಲೇ ಇರುತ್ತದೆ. ಅಷ್ಟು ದುಡ್ಡು ಹಾಕಿ ಕೊನೆಗೆ ತಕ್ಕಡಿ ಮೇಲೆ ಇಟ್ಟು ನೋಡುವುದು ತಪ್ಪುವುದಿಲ್ಲ ಅಂದಮೇಲೆ ನನಗೆ ಯಾಕೆ?

ದಾರಿ ಸಿಕ್ಕಿದ್ದು ಕೋವಿ ಹಾರಿಸುವವರಿಂದ, ಒಂದು ವಿಡಿಯೋದಲ್ಲಿ. ಅಮೆರಿಕದಲ್ಲಿ ಗುರಿ ಸ್ಪರ್ಧೆಗೆ ಹೋಗುವ ಎಷ್ಟೋ ಜನ ತಮ್ಮ ಕೋವಿಯ ತೋಟಾಗಳನ್ನು ತಾವೇ ತುಂಬಿಸಿಕೊಳ್ಳುತ್ತಾರೆ. ಅವರು ಸಿಡಿಮದ್ದು ತೂಗುವುದು ಗ್ರಾಂನಲ್ಲಲ್ಲ, ಗ್ರೇನ್‌ನಲ್ಲಿ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್‌ನಷ್ಟು. ಅದರಲ್ಲೂ ಹತ್ತನೇ ಒಂದು ಭಾಗ ನೋಡುತ್ತಾರೆ. ಅಷ್ಟು ಸೂಕ್ಷ್ಮ ಬೇಕು, ಬೇಗವೂ ಆಗಬೇಕು. ಅವರ ಕ್ರಮ ಇಷ್ಟೇ. ಅಳತೆಯ ಕೊಳವೆಯಿಂದ ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಒಮ್ಮೆಲೇ ಸುರಿಯುತ್ತಾರೆ. ಉಳಿದದ್ದನ್ನು ತಕ್ಕಡಿ ಮೇಲೆಯೇ, ತಿರುಗಿಸುವ ಸಣ್ಣ ನಳಿಗೆಯಿಂದ ಕಾಳು ಕಾಳಾಗಿ ಉದುರಿಸುತ್ತಾರೆ. ತೆಗೆಯುವ ಕೆಲಸವೇ ಇಲ್ಲ, ಹಾಕುವುದು ಮಾತ್ರ. ಆ ವಿಡಿಯೋ ನೋಡುವಾಗ ಅಜ್ಜನ ಕೇಪಿನ ಕೋವಿಯ (ನಳಿಗೆಯ ಬಾಯಿಂದ ಮದ್ದು ತುಂಬಿಸುವ ಹಳೇ ಕೋವಿ) ಹಿತ್ತಾಳೆ ಅಳತೆ ಕೊಳವೆ ನೆನಪಾಯಿತು. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿ ಜೊತೆ ಅದನ್ನೂ ಪೂಜೆಗೆ ಇಡುತ್ತೇವೆ. ಕರಿಮದ್ದನ್ನು ಅಜ್ಜ ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಅಳತೆ ಮತ್ತು ತೂಕ ಎರಡನ್ನೂ ಸೇರಿಸಿದರೆ ನನ್ನ ಕೆಲಸ ಆಗುತ್ತದೆ ಅನ್ನಿಸಿತು.

ಲೇತ್ ಕೆಲಸದವರ ಹತ್ತಿರ ಸ್ಟೀಲ್ ಪೈಪಿನ ಎರಡು ಅಳತೆ ಲೋಟ ಮಾಡಿಸಿದೆ. ಪ್ರತಿ ಲೋಟದಲ್ಲೂ ಒಂದು ಪೈಪಿನೊಳಗೆ ಇನ್ನೊಂದು ಜಾರಿ ಅಳತೆ ಹೆಚ್ಚು ಕಡಿಮೆ ಆಗುವ ಹಾಗೆ, ಪಕ್ಕದಲ್ಲಿ ಬಿಗಿ ಮಾಡುವ ಸ್ಕ್ರೂ. ಒಂದಕ್ಕೆ ಒಂಬೈನೂರು ತೆಗೆದುಕೊಂಡರು. ಜಾರುವ ವ್ಯವಸ್ಥೆ ಬೇಕೇ ಬೇಕು. ಯಾಕೆಂದರೆ ಪುಡಿ ದಿನಕ್ಕೊಂದು ತರಹ. ಕಡು ಹುರಿದ ಬೀಜದ ಪುಡಿ ಹಗುರ. ದಪ್ಪ ಬೀಸಿದರೆ ಒಂದು ಲೆಕ್ಕ, ಸಣ್ಣಗೆ ಬೀಸಿದರೆ ಇನ್ನೊಂದು. ಬೆಳಿಗ್ಗೆ ಹತ್ತು ಲೋಟ ತೂಗಿ, ಸರಾಸರಿ 191–192 ಬರುವ ಹಾಗೆ ಸ್ಕ್ರೂ ಬಿಗಿ ಮಾಡಿದರೆ ಆ ದಿನಕ್ಕೆ ಸಾಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಲೋಟವನ್ನು ಕುಟ್ಟಬೇಡಿ, ಅಲ್ಲಾಡಿಸಬೇಡಿ, ಪುಡಿಯೊಳಗೆ ಅದ್ದಿ ಮೊಗೆಯಬೇಡಿ. ಮೊಗೆದರೆ ಒಂದೊಂದು ಸಲ ಒಂದೊಂದು ತೂಕ. ಹತ್ತು ಹನ್ನೆರಡು ಗ್ರಾಂ ವ್ಯತ್ಯಾಸ ನಾನೇ ನೋಡಿದ್ದೇನೆ. ಗೋಡೆಗೆ ಒಂದು ಆಲಿಕೆ ಕೂರಿಸಿದ್ದೇನೆ. ಪುಡಿ ಪ್ರತಿ ಸಲ ಅದೇ ಎತ್ತರದಿಂದ, ಅದೇ ಧಾರೆಯಲ್ಲಿ ಲೋಟಕ್ಕೆ ಬೀಳುತ್ತದೆ. ಮೇಲೆ ಗುಡ್ಡೆ ಆದದ್ದನ್ನು ಸ್ಟೀಲ್ ಸ್ಕೇಲಿನಲ್ಲಿ ಒಂದೇ ಎಳೆತಕ್ಕೆ ಸವರಿ ಬಿಡುವುದು. ಹೀಗೆ ಮಾಡಿದರೆ ಮೂರು ಗ್ರಾಂ ಆಚೀಚೆ, ಅಷ್ಟೇ.

ಉದುರಿಸುವ ನಳಿಗೆ ನನ್ನ ಹೆಮ್ಮೆಯ ಸಾಮಾನು. ಗುಜರಿಯಲ್ಲಿ ಹಳೇ ಜೀಪಿನ ವೈಪರ್ ಮೋಟಾರು ಸಿಕ್ಕಿತು, ನಾಲ್ಕು ನೂರೋ ಐದು ನೂರೋ. ಅದಕ್ಕೆ ಒಂದೂವರೆ ಇಂಚಿನ ಸ್ಟೀಲ್ ಪೈಪು, ಸ್ವಲ್ಪ ಇಳಿಜಾರಾಗಿ. ಪೈಪಿನ ಹಿಂದಿನ ತುದಿ ಪುಡಿಯ ಡಬ್ಬದಲ್ಲಿ, ಮುಂದಿನ ತುದಿ ತಕ್ಕಡಿಯ ಮೇಲೆ. ಕಾಲಿನ ಸ್ವಿಚ್ಚು ಒತ್ತಿದರೆ ಪೈಪು ನಿಧಾನ ತಿರುಗುತ್ತದೆ, ಪುಡಿ ಸಣ್ಣಗೆ ಉದುರುತ್ತದೆ. ಬಿಟ್ಟ ಕ್ಷಣ ನಿಲ್ಲುತ್ತದೆ. ವೈಪರ್ ಮೋಟಾರಿಗೆ 12 ವೋಲ್ಟ್ ಸಾಕು. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಬ್ಯಾಟರಿಯನ್ನೇ ಹೊರತೆಗೆದು ಜೋಡಿಸಿದೆ. ಕರೆಂಟು ಹೋದರೂ ತೂಕ ನಿಲ್ಲುವುದಿಲ್ಲ. ಪೈಪಿನ ಇಳಿಜಾರು ಎಷ್ಟು, ಬಾಯಿಯ ಅಂಚಿಗೆ ಏನು ಮಾಡಿದ್ದೇನೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದಕ್ಕೆ ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ.

ಮೊದಲು ಪೈಪು ಪಿವಿಸಿಯದ್ದಾಗಿತ್ತು. ಮಳೆಗಾಲದಲ್ಲಿ ಸರಿಯಾಗಿಯೇ ಇತ್ತು. ಫೆಬ್ರುವರಿ ಬಂದು ಗಾಳಿ ಒಣಗಿದ ಮೇಲೆ ಪುಡಿ ಪೈಪಿಗೇ ಅಂಟಿ ಕೂರಲು ಶುರುವಾಯಿತು. ಸ್ಥಾಯಿ ವಿದ್ಯುತ್ತು. ಕೈಯ ರೋಮ ಹತ್ತಿರ ಹಿಡಿದರೆ ನೆಟ್ಟಗೆ ನಿಲ್ಲುತ್ತಿತ್ತು. ಸ್ಟೀಲಿಗೆ ಬದಲಾಯಿಸಿ ಒಂದು ಅರ್ತಿಂಗ್ ತಂತಿ ಎಳೆದ ಮೇಲೆ ಹೋಯಿತು. ಆದರೂ ಪೊಟ್ಟಣದ ಬಾಯಿಗೆ ಪುಡಿ ಅಂಟುವುದು ಇದೆ. ಅಲ್ಲಿ ಪುಡಿ ಕೂತರೆ ಸೀಲು ಹಿಡಿಯುವುದಿಲ್ಲ. ಅದಕ್ಕೆ ಉದ್ದ ಕುತ್ತಿಗೆಯ ಆಲಿಕೆ ಪೊಟ್ಟಣದ ಅರ್ಧದವರೆಗೆ ಇಳಿಸಿ ಸುರಿಯುತ್ತೇವೆ.

ತಕ್ಕಡಿಗೆ ದುಡ್ಡು ಉಳಿಸಬೇಡಿ. 0.1 ಗ್ರಾಂ ತೋರಿಸುವುದು ತೆಗೆದುಕೊಂಡೆ, ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಿದ ಖರ್ಚೂ ಸೇರಿ ಐದು ಸಾವಿರದ ಹತ್ತಿರ. ವರ್ಷ ವರ್ಷ ಮುದ್ರೆ ಮಾಡಿಸಬೇಕು, ಅದು ಗೊತ್ತಲ್ಲ. ಅಗ್ಗದ ತಕ್ಕಡಿಯಲ್ಲಿ ಒಂದು ಕಾಟ ಇದೆ. ತೀರಾ ನಿಧಾನ ಉದುರಿಸಿದರೆ ಅದು ಗಮನಿಸುವುದೇ ಇಲ್ಲ. ನಿಂತ ಅಂಕಿಯನ್ನೇ ಹಿಡಿದು ಕೂರುತ್ತದೆ. 198 ಅಂತ ತೋರಿಸುತ್ತಲೇ ಇರುತ್ತದೆ, ಪೊಟ್ಟಣ ಎತ್ತಿ ಮತ್ತೆ ಇಟ್ಟರೆ 201. ಒಳ್ಳೆಯ ತಕ್ಕಡಿಯಲ್ಲೂ ಒಂದೇ ಸಮನೆ ಉದುರಿಸುವುದಕ್ಕಿಂತ ಕಾಲಿನ ಸ್ವಿಚ್ಚನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವುದು ಒಳ್ಳೆಯದು. ಇನ್ನು ಫ್ಯಾನು. "ಅಣ್ಣಾ, ಅಂಕಿ ಓಡ್ತಾ ಇದೆ" ಅಂತ ಕೆಲಸದವಳು ಕೂಗಿದಾಗಲೆಲ್ಲ ನಾನು ತಕ್ಕಡಿಯ ಬ್ಯಾಟರಿ ನೋಡುತ್ತಿದ್ದೆ. ಓಡಿಸುತ್ತಿದ್ದದ್ದು ಮೇಲಿನ ಫ್ಯಾನಿನ ಗಾಳಿ. ಈಗ ತೂಕದ ಕೋಣೆಯಲ್ಲಿ ಫ್ಯಾನೇ ಇಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಬೀಸಿದ ಪುಡಿಯನ್ನು ಆಗಲೇ ತುಂಬಿಸುವುದು ಒಂದು ಸಲ, ಮುಚ್ಚಿದ ಡ್ರಮ್ಮಿನಲ್ಲಿ ರಾತ್ರಿ ಬಿಟ್ಟು ತುಂಬಿಸುವುದು ಒಂದು ಸಲ. ಬಿಸಿ ಬಿಸಿ ಪುಡಿಗೆ ಲೋಟದ ತೂಕ ನಿಲ್ಲುವುದೇ ಇಲ್ಲ. ಆಮೇಲೆ ಅದರ ಗಾಳಿ ಹೊರಬಂದು ಪೊಟ್ಟಣ ಉಬ್ಬುತ್ತದೆ. ಅಂಗಡಿಯವರು ಹಾಳಾಗಿದೆ ಅಂತ ವಾಪಸ್ ಕೊಡುತ್ತಾರೆ. ರಾತ್ರಿ ಬಿಟ್ಟದ್ದು ಎರಡಕ್ಕೂ ವಾಸಿ. ಪರಿಮಳ ಸ್ವಲ್ಪ ಹೋಗುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ, ನನಗೆ ಗೊತ್ತಾಗಲಿಲ್ಲ. ಇನ್ನೊಂದು, ಚಿಕೋರಿ. ಮಳೆಗಾಲದಲ್ಲಿ ತೆರೆದಿಟ್ಟರೆ ಸಂಜೆಯೊಳಗೆ ಹೆಂಟೆ ಕಟ್ಟುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಿನ ಬೇಕಾದಷ್ಟನ್ನು ಮಾತ್ರ ಬೆರೆಸುತ್ತೇವೆ. ತೇವ ಹಿಡಿಯದಿರಲಿ ಅಂತ ಕೋಣೆಯಲ್ಲಿ ನೂರು ವ್ಯಾಟಿನ ಎರಡು ಹಳೇ ಬಲ್ಬು ಹಗಲೂ ಉರಿಯುತ್ತವೆ.

ಈಗ ಇಬ್ಬರು ಕೂರುತ್ತಾರೆ. ಒಬ್ಬರು ಲೋಟ ಸವರಿ ಸುರಿಯುವುದು, ಇನ್ನೊಬ್ಬರು ಉದುರಿಸಿ ತಕ್ಕಡಿಯಿಂದ ಪೊಟ್ಟಣ ಇಳಿಸುವುದು. ಒಂದು ಪೊಟ್ಟಣಕ್ಕೆ ಹದಿನೈದು ಹದಿನೆಂಟು ಸೆಕೆಂಡು. 200.5ರಿಂದ 201ರ ಒಳಗೆ ನಿಲ್ಲುತ್ತದೆ. ಸಾವಿರ ಪೊಟ್ಟಣಕ್ಕೆ ಎರಡು ಕೆ.ಜಿ.ಗಿಂತ ಜಾಸ್ತಿ ಉಳಿಯುತ್ತಿದೆ. ಖರ್ಚು ಮಾಡಿದ ಒಂಬತ್ತು ಸಾವಿರ ಏಳೆಂಟು ಸಾವಿರ ಪೊಟ್ಟಣದೊಳಗೆ ವಾಪಸ್ ಬಂತು.

50 ಗ್ರಾಂ ಸ್ಯಾಂಪಲ್ ಪೊಟ್ಟಣಕ್ಕೆ ಈ ಉಪಾಯ ಅಷ್ಟು ಹೊಂದುವುದಿಲ್ಲ. ಲೋಟ ಸಣ್ಣದಾದಷ್ಟು ಸವರುವಾಗಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೆ ಈಗಲೂ ಚಮಚವೇ. 500ಕ್ಕೆ ಅದೇ ಲೋಟದಲ್ಲಿ ಎರಡು ಸುರಿದು, ಮೂರನೆಯದಕ್ಕೆ ಒಂದು ಸಣ್ಣ ಲೋಟ ಮಾಡಿಸಿದ್ದೇನೆ. ಈಗ ತಡವಾಗುತ್ತಿರುವುದು ತೂಕದಲ್ಲಿ ಅಲ್ಲ, ಸೀಲು ಹಾಕುವಲ್ಲಿ. ಕೈಯಲ್ಲಿ ಒತ್ತುವ ಸೀಲರಿನ ಮುಂದೆ ತೂಗಿದ ಪೊಟ್ಟಣಗಳು ಸಾಲು ನಿಂತಿರುತ್ತವೆ. ಬೆಲ್ಟಿನ ಸೀಲರಿಗೆ ಹನ್ನೆರಡು ಸಾವಿರ ಹೇಳುತ್ತಿದ್ದಾರೆ. ಕಾಫಿ ಕೊಯ್ಲು ಮುಗಿಯಲಿ ಅಂತ ಕಾಯುತ್ತಿದ್ದೇನೆ.