ಸೀರೀಸ್ ನೋಡುವಾಗ ನಾನು ಎಲ್ಲಿ ನಿಲ್ಲಿಸುತ್ತೇನೆ

‘ಈ ಎಪಿಸೋಡ್ ಮುಗಿದ ಮೇಲೆ ಟಿವಿ ಆರಿಸುತ್ತೇನೆ’ ಅನ್ನುವುದು ಆಗದ ಮಾತು. ಕಥೆ ಬರೆದವರು ಗಂಟು ಹಾಕಿಟ್ಟಿರುವುದೇ ಅಲ್ಲಿ. ಅದಕ್ಕೇ ನಾನು ನಿಲ್ಲಿಸುವುದು ನಡುವೆ. ಮುಂದಿನ ಎಪಿಸೋಡ್ ಹಾಕಿ 10–15 ನಿಮಿಷ ನೋಡುತ್ತೇನೆ; ಹಿಂದಿನದರ ಕೊನೆಯಲ್ಲಿ ಬಾಗಿಲು ತಟ್ಟಿದವರು ಯಾರೆಂದು ಗೊತ್ತಾದ ಕೂಡಲೇ ಆಫ್. ಹಳೆ ಕುತೂಹಲ ತಣಿದಿರುತ್ತದೆ, ಹೊಸ ಗಂಟು ಇನ್ನೂ ಬಿದ್ದಿರುವುದಿಲ್ಲ. ಮರುದಿನ ಎರಡು ನಿಮಿಷ ಹಿಂದಕ್ಕೆ ಸರಿಸಿಕೊಂಡು ಮುಂದುವರಿಸಿದರಾಯಿತು.

ಇದಕ್ಕೆ ಮೊದಲು ಆಟೋಪ್ಲೇ ತೆಗೆಯಬೇಕು. ನೆಟ್‌ಫ್ಲಿಕ್ಸ್ ಆದರೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ, ನಿಮ್ಮ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವ ಆಯ್ಕೆಯ ಟಿಕ್ ತೆಗೆದು ಸೇವ್ ಮಾಡಿ. ಪ್ರತಿ ಪ್ರೊಫೈಲ್‌ಗೂ ಬೇರೆ ಬೇರೆ ಮಾಡಬೇಕು. ಮನೆಯವರ ಪ್ರೊಫೈಲ್‌ನಲ್ಲಿ ಕೂತರೆ ಮತ್ತೆ ಅದೇ ಪಾಡು.

ಒಂದೇ ಗುಕ್ಕಿಗೆ ನೋಡಿದರೆ ನಷ್ಟವೇನು? ಮೆಲ್ಬರ್ನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ಎಪಿಸೋಡ್‌ಗಳ ಒಂದೇ ಸರಣಿಯನ್ನು ಒಂದು ಗುಂಪು ಒಂದೇ ಕೂರಿಕೆಯಲ್ಲಿ, ಇನ್ನೊಂದು ದಿನಕ್ಕೊಂದರಂತೆ, ಮತ್ತೊಂದು ವಾರಕ್ಕೊಂದರಂತೆ ನೋಡಿತು. ಮರುದಿನ ಕೇಳಿದಾಗ ಹೆಚ್ಚು ನೆನಪಿದ್ದುದು ಒಟ್ಟಿಗೆ ನೋಡಿದವರಿಗೆ. 140 ದಿನ ಕಳೆಯುವಷ್ಟರಲ್ಲಿ ಹೆಚ್ಚು ಮರೆತವರೂ ಅವರೇ. ಖುಷಿಯಲ್ಲೂ ಅವರೇ ಹಿಂದೆ.

ರುಚಿ ಮಂದವಾಗುವುದು ಮೊದಲು ಕೈಯಲ್ಲಿ ಗೊತ್ತಾಗುತ್ತದೆ: ಫೋನ್ ಕಡೆ ಹೋಗುತ್ತದೆ, ಟೈಟಲ್ ಹಾಡು ದಾಟಿಸುತ್ತದೆ, ತಪ್ಪಿಹೋದ ಡೈಲಾಗ್‌ಗಾಗಿ ರಿಮೋಟ್ ಹಿಂದಕ್ಕೆ ಒತ್ತುತ್ತದೆ. ಈ ಮೂರರಲ್ಲಿ ಎರಡು ಕಂಡರೆ ಎದ್ದುಬಿಡುವುದೇ ಸರಿ. 20 ನಿಮಿಷದ ಹಾಸ್ಯ ಸರಣಿಗಳಲ್ಲಿ ಇದು ಬೇಗ ಬರುತ್ತದೆ. ಮೂರ್ನಾಲ್ಕು ಒಟ್ಟಿಗೆ ನೋಡಿದರೆ ನಗಿಸುವ ಪಟ್ಟು ಕಣ್ಣಿಗೆ ಬೀಳುತ್ತದೆ. ಪಾತ್ರ ಬಾಯಿ ತೆರೆಯುವ ಮೊದಲೇ ಜೋಕ್ ಗೊತ್ತಿರುತ್ತದೆ.

ಹಾಗಂತ ಎಲ್ಲವನ್ನೂ ವಾರಕ್ಕೊಂದು ನೋಡಿ ಎನ್ನಲಾರೆ. ಹತ್ತಾರು ಹೆಸರು, ಸುಳಿವುಗಳಿರುವ ಪತ್ತೇದಾರಿ ಕಥೆಗೆ ವಾರದ ಅಂತರ ಜಾಸ್ತಿಯೇ. ಅಂಥದ್ದಕ್ಕೆ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಎರಡರ ನಡುವೆ ಎದ್ದು ಓಡಾಡುವಷ್ಟು ಬಿಡುವು.

ಕೊನೆಯ ಎಪಿಸೋಡನ್ನು ಮಾತ್ರ ಯಾವುದರ ಜೊತೆಗೂ ಸೇರಿಸುವುದಿಲ್ಲ. ಅದು ಸಾಮಾನ್ಯವಾಗಿ ಉದ್ದವೂ ಇರುತ್ತದೆ, ಮೂರನೆಯದಾಗಿ ಬಂದರೆ ದಣಿದ ಕಣ್ಣಿಗೆ ಬೀಳುತ್ತದೆ. ಬೇರೆ ದಿನ, ಅದೊಂದೇ.