ಟ್ರಂಕಿನ್ಯಾಗ ಸಿಕ್ಕ ವಾಕ್‌ಮನ್ ಮತ್ತ ಹಾಡಬೇಕಂದ್ರ

ಹಳೇ ವಾಕ್‌ಮನ್ ಸಿಕ್ತಂತ ಖುಷಿಗೆ ಅಪ್ಪ ಧಾರವಾಡ ಆಕಾಶವಾಣಿಯಿಂದ ತುಂಬಿಸಿಟ್ಟ ಕ್ಯಾಸೆಟ್ಟನ್ನ ಸೀದಾ ಹಾಕಿ ಪ್ಲೇ ಒತ್ತಬ್ಯಾಡ್ರಿ. ನಾ ಒತ್ತಿದ್ದೆ. ಗಂಗೂಬಾಯಿ ಹಾನಗಲ್ ಅವರು ಹಾಡ್ಲಿಕ್ಕೆ ಹತ್ತಿದ್ರು, ಅಷ್ಟ್ರಾಗ ರೀಲು ರೋಲರಿಗೆ ಸುತಗೊಂಡು ಒಂದು ಗೇಣು ಹೊರಗ ಬಂತು. ಹಾಳಾದ್ರೂ ಚಿಂತಿಲ್ಲ ಅನ್ನೂ ಕ್ಯಾಸೆಟ್ ಮೊದ್ಲ ಹಾಕ್ರಿ.

ಸೆಲ್ ಹಾಕೂ ಜಾಗದಾಗ ಜಂಗು, ಬಿಳಿ ಪುಡಿ ಇದ್ರ ಸ್ಯಾಂಡ್‌ಪೇಪರ್‌ಲೆ ತಿಕ್ಕಿ ಒರಸ್ರಿ. ಬಾಳಷ್ಟಕ್ಕ ಎರಡು ಪೆನ್ಸಿಲ್ ಸೆಲ್, ಅಂದ್ರ 3 ವೋಲ್ಟ್ ಸಾಕು. ಅಡಾಪ್ಟರ್ ಹಚ್ಚೂದಿದ್ರ ಪ್ಲಸ್ಸು ಮೈನಸ್ಸು ನೋಡೇ ಹಚ್ರಿ, ಉಲ್ಟಾ ಆದ್ರ ಸುಡ್ತೈತಿ.

ಮೋಟರ್ ಗುಂಯ್ ಅಂತೈತಿ, ಆದ್ರ ಚಕ್ರ ತಿರುಗೂದಿಲ್ಲ ಅಂದ್ರ ಬೆಲ್ಟ್ ಹೋಗೇತಿ ಅಂತ ತಿಳ್ಕೋರಿ, ಹತ್ತಕ್ಕ ಎಂಟು ಸಲ ಅದ. ಹಿಂದಿನ ಸ್ಕ್ರೂ ಬಿಚ್ಚಿದ್ರ ರಬ್ಬರ್ ಕರಗಿ ಡಾಂಬರಿನಂಗ ಅಂಟಕೊಂಡಿರ್ತೈತಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನ್ಯಾಗ ಅದ್ದಿದ ಇಯರ್‌ಬಡ್‌ಲೆ ಪೂರ್ತಿ ತಗೀರಿ, ಕೈಗೆ ಹತ್ತಿದ್ರ ಎರಡು ದಿನ ಹೋಗಂಗಿಲ್ಲ ಮತ್ತ. ಬೆಲ್ಟ್ ಓಡೂ ದಾರಿಗುಂಟ ದಾರ ಸುತ್ತಿ ಅಳದು, ಅದಕ್ಕಿಂತ ನೂರಕ್ಕ ಐದರಷ್ಟು ಸಣ್ಣದು ತಗೋರಿ. ಭಾಳ ಬಿಗಿ ಆದ್ರ ಮೋಟರ್ ಏಗತೈತಿ, ಸಡಲಾದ್ರ ಹಾಡು ಓಲಾಡತೈತಿ.

ಅದ ಬಡ್‌ಲೆ ಹೆಡ್ಡು (ಟೇಪ್ ಓದೂ ಭಾಗ), ಟೇಪ್ ಎಳಿಯೂ ಕಬ್ಬಿಣದ ಕಡ್ಡಿ, ರಬ್ಬರ್ ರೋಲರ್ ಒರಸ್ರಿ. ಬಡ್ ಕಂದು ಬಣ್ಣಕ್ಕ ಬರ್ತೈತಿ, ಅದು ಟೇಪಿನ ಪುಡಿ. ಬಡ್ ಬಿಳೇದ ಉಳಿಯೂತನಕ ಒರಸಿ, ಒಣಗಿದ ಮ್ಯಾಲೆ ಕ್ಯಾಸೆಟ್ ಹಾಕ್ರಿ.

ಸ್ಪೀಡ್ ನೋಡೂದು ಹೆಂಗ? ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕು, ಆದ್ರ ಅದನ್ನ ಯಾರು ಅಳೀತಾರ, ಸಿ-60, ಅಂದ್ರ ಎರಡೂ ಸೈಡ್ ಕೂಡಿ 60 ನಿಮಿಷದ ಕ್ಯಾಸೆಟ್ಟಿನ ಒಂದು ಸೈಡ್ ಹೆಚ್ಚುಕಡಿಮಿ 30 ನಿಮಿಷಕ್ಕ ಮುಗೀತೇನು ನೋಡ್ರಿ. ಗಂಗೂಬಾಯಿಯವರ ದನಿ ಕೇಳಿ ಮಾತ್ರ ಸ್ಪೀಡ್ ನಿರ್ಧಾರ ಮಾಡಬ್ಯಾಡ್ರಿ, ಅವರದು ಮೊದ್ಲ ಗಡಸು ದನಿ!

ಇನ್ನ ಅಪ್ಪನ ಕ್ಯಾಸೆಟ್. ನಮ್ಮ ಕಡೆ ಮಳಿಗಾಲದಾಗ ಬೂಷ್ಟು ಹಿಡೀತಾವ, ಕ್ಯಾಸೆಟ್ಟಿನ ಕಿಟಕಿಯಾಗ ಬಿಳಿ ಗೆರಿ ಕಂಡ್ರ ಹಾಕಬ್ಯಾಡ್ರಿ, ಹೆಡ್ಡಿಗೂ ಹತ್ತತೈತಿ. ಟೇಪಿನ ಹಿಂದ ಸಣ್ಣ ಸ್ಪಂಜಿನಂಥ ತುಂಡು ಐತಿಲ್ಲೋ ನೋಡ್ರಿ, ಅದು ಉದುರಿದ್ರ ದನಿ ಮಂಕಾಗ್ತೈತಿ. ಮ್ಯಾಲಿನ ಪ್ಲಾಸ್ಟಿಕ್ ಕಿವಿ ಮುರದ್ರ ಯಾರೂ ಮ್ಯಾಲೆ ರೆಕಾರ್ಡ್ ಮಾಡಾಕ ಬರೂದಿಲ್ಲ. ಆಮ್ಯಾಲೆ ಒಂದ್ಸಲ ಪೂರ್ತಿ ಮುಂದ ಓಡಿಸಿ, ಪೂರ್ತಿ ಹಿಂದ ಸುತ್ತಿ, ಆಮ್ಯಾಲೆ ಪ್ಲೇ.

ನನ್ನ ಸುಕ್ಕಾದ ಟೇಪನ್ನ ಉಗುರಿಲೆ ತೀಡಿ, ಪೆನ್ಸಿಲ್ ಹಾಕಿ ಸುತ್ತಿದೆ. ಆ ಜಾಗಕ್ಕ ಬಂದಾಗ ಈಗೂ ಎರಡು ಸೆಕೆಂಡ್ ದನಿ ಮುಳಗತೈತಿ, ಅಡಗಿಮನಿಯಿಂದ ಅವ್ವ, "ಬಂತ ನೋಡಪಾ ನಿನ್ನ ಪ್ರತಾಪ" ಅಂತಾಳ.