ಸಂಸತ್ತನ್ನು ಕೇಳದೆ ಏನು ಕೊಡಬಹುದು? 1991ರ ವಿದೇಶಿ ನೆರವಿನ ಕಡತಗಳೊಂದಿಗೆ ನನ್ನ ಅನುಭವ

1990ರ ನವೆಂಬರ್‌ನಿಂದ 1991ರ ಆಗಸ್ಟ್‌ವರೆಗೆ ನಾನು ದೆಹಲಿಯ ನಾರ್ತ್ ಬ್ಲಾಕ್‌ನಲ್ಲಿ, ಹಣಕಾಸು ಸಚಿವಾಲಯದ ಕಿರಿಯ ಅಧಿಕಾರಿಯಾಗಿ ಕೆಲಸ ಮಾಡಿದೆ. ಪ್ರತಿದಿನ ಬೆಳಿಗ್ಗೆ ವಿದೇಶಿ ವಿನಿಮಯದ ಸ್ಥಿತಿಯನ್ನು ಒಂದು ಪುಟದಲ್ಲಿ ಬರೆದು ಮೇಲಕ್ಕೆ ಕಳಿಸುವುದು ಮತ್ತು ಹೊರದೇಶಗಳ ಸರ್ಕಾರಗಳನ್ನೂ ಸಾಲ ಕೊಡುವ ಸಂಸ್ಥೆಗಳನ್ನೂ ನೆರವು ಕೇಳಲು ಹೋಗುವವರಿಗೆ ಬೇಕಾದ ಟಿಪ್ಪಣಿಗಳ ಕರಡು ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸಗಳಾಗಿದ್ದವು. ನಿರ್ಧಾರಗಳು ನನ್ನ ಮೇಜಿನ ಮೇಲೆ ಆಗುತ್ತಿರಲಿಲ್ಲ. ಆದರೆ ಬಹುಮತವಿಲ್ಲದ ಸರ್ಕಾರವೊಂದು ಹೊರಗಿನ ನೆರವನ್ನು ಹೇಗೆ ಕೇಳುತ್ತದೆ, ಏನನ್ನು ಮುಂದಿಟ್ಟು ಕೇಳುತ್ತದೆ ಎಂಬುದನ್ನು ಆ ಮೇಜಿನಿಂದ ಬಹಳ ಹತ್ತಿರದಿಂದ ನೋಡಿದೆ.

ಹಿನ್ನೆಲೆ ಹಲವರಿಗೆ ಗೊತ್ತಿರುವಂಥದ್ದೇ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಕಚ್ಚಾ ತೈಲದ ಬೆಲೆ ಎರಡು ಮೂರು ತಿಂಗಳಲ್ಲಿ ಇಮ್ಮಡಿಯಾಯಿತು. ಕೊಲ್ಲಿಯಿಂದ ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನ್ ಮೂಲಕ ವಿಮಾನದಲ್ಲಿ ಊರಿಗೆ ಮರಳಿದರು. ಕುಂದಾಪುರದ ಕಡೆಯ ನಮ್ಮ ಭಾವನೂ ಹಾಗೆ ಒಂದು ಕೈಚೀಲದೊಂದಿಗೆ ಬಂದವರು. ಪ್ರತಿ ತಿಂಗಳು ಅವರು ಅಕ್ಕನಿಗೆ ಕಳಿಸುತ್ತಿದ್ದ ಹಣ ನಿಂತುಹೋದದ್ದು ನಮಗೆ ಮನೆಯ ಕಷ್ಟವಾಗಿತ್ತು. ಅಂಥ ಲಕ್ಷ ಮನೆಗಳ ಹಣ ಒಟ್ಟಾಗಿ ನಿಂತಾಗ ಅದು ನನ್ನ ಬೆಳಗಿನ ಪುಟದಲ್ಲಿ ಒಂದು ಕುಗ್ಗುವ ಸಂಖ್ಯೆಯಾಗಿ ಕಾಣಿಸುತ್ತಿತ್ತು. ಇದೇ ಹೊತ್ತಿಗೆ ನವೆಂಬರ್ 7ರಂದು ವಿ.ಪಿ. ಸಿಂಗ್ ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು. ಮೂರು ದಿನಗಳ ನಂತರ ಚಂದ್ರಶೇಖರ್ ಪ್ರಧಾನಿಯಾದರು. ಅವರ ಜೊತೆ ಜನತಾದಳದಿಂದ ಹೊರಬಂದ ಅರವತ್ತರ ಆಸುಪಾಸಿನ ಸಂಸದರಿದ್ದರು, ಉಳಿದ ಬಲವೆಲ್ಲ ಕಾಂಗ್ರೆಸ್ ಹೊರಗಿನಿಂದ ಕೊಟ್ಟದ್ದು.

1991ರ ಜನವರಿಯಲ್ಲಿ ವಿದೇಶಿ ಕರೆನ್ಸಿ ಮೀಸಲು ಸುಮಾರು 120 ಕೋಟಿ ಡಾಲರಿಗೆ ಇಳಿದಿತ್ತು. ತಿಂಗಳಿಗೆ 200 ಕೋಟಿ ಡಾಲರಿನಷ್ಟು ಆಮದು ಮಾಡಿಕೊಳ್ಳುತ್ತಿದ್ದ ದೇಶಕ್ಕೆ ಅದು ಎರಡು ಮೂರು ವಾರದ ಮಾತು. ಆ ತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಎರಡು ಬಾಬ್ತುಗಳಲ್ಲಿ ಒಟ್ಟು ಸುಮಾರು 180 ಕೋಟಿ ಡಾಲರ್ ದೊರೆಯಿತು. ಆ ಸಾಲ ಆ ಸರ್ಕಾರಕ್ಕೆ ಏಕೆ ಸಿಕ್ಕಿತು ಎಂಬುದನ್ನು ಗಮನಿಸಬೇಕು. ಒಂದು ಬಾಬ್ತು ತೈಲ ಬೆಲೆಯ ಏರಿಕೆಯಂಥ ಹೊರಗಿನ ಆಘಾತಕ್ಕೆ ಪರಿಹಾರವಾಗಿ ಕೊಡುವಂಥದ್ದು, ಇನ್ನೊಂದು ಸದಸ್ಯ ದೇಶದ ಪಾಲಿನ ಮೊದಲ ಕಂತು. ಎರಡಕ್ಕೂ ಷರತ್ತುಗಳು ಹಗುರ. ದೊಡ್ಡ ಸಾಲ ಮುಂದಿನ ಹಂತದ್ದು. ಅದಕ್ಕೆ ಫೆಬ್ರವರಿ ಕೊನೆಯ ಬಜೆಟ್ಟೇ ದಾರಿ ಎಂದು ನಮ್ಮವರೂ ಅವರೂ ಭಾವಿಸಿದ್ದರು. ವಿತ್ತೀಯ ಕೊರತೆಯನ್ನು, ಅಂದರೆ ಸರ್ಕಾರದ ಆದಾಯವನ್ನು ಮೀರಿದ ಖರ್ಚನ್ನು, ಇಳಿಸುವ ಮಾತು ಬಜೆಟ್ಟಿನಲ್ಲಿ ಬರಬೇಕು, ಆಮೇಲೆ ಮಾತುಕತೆ ಮುಂದುವರಿಯಬೇಕು. ನಮ್ಮ ಕರಡುಗಳೆಲ್ಲವೂ ಆ ಒಂದು ದಿನಾಂಕದ ಮೇಲೆ ನಿಂತಿದ್ದವು.

ರಾಜತಾಂತ್ರಿಕ ಬೆಂಬಲದ ಸಂಗತಿಯೂ ಇದೇ ವೇಳೆಯದು. ಕೊಲ್ಲಿ ಯುದ್ಧಕ್ಕೆ ಸಂಬಂಧಿಸಿದ ಅಮೆರಿಕದ ಸೇನಾ ವಿಮಾನಗಳಿಗೆ ಮುಂಬಯಿ, ಮದರಾಸು ಮತ್ತು ಆಗ್ರಾಗಳಲ್ಲಿ ಇಂಧನ ತುಂಬಿಸಿಕೊಳ್ಳಲು ಸರ್ಕಾರ ಅವಕಾಶ ಕೊಟ್ಟಿತ್ತು. ಸಾಲಕ್ಕೂ ಇಂಧನಕ್ಕೂ ನೇರ ಸಂಬಂಧವಿತ್ತೆಂದು ಹೇಳುವ ಯಾವ ಕಾಗದವೂ ನನ್ನ ಮೇಜಿಗೆ ಬರಲಿಲ್ಲ. ಆದರೆ ನಿಧಿಯ ಆಡಳಿತ ಮಂಡಳಿಯಲ್ಲಿ ಅತಿ ಹೆಚ್ಚು ಮತಬಲ ಯಾರದು ಎಂಬುದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ಸೇ ಆಕ್ಷೇಪಿಸಿತು. ಫೆಬ್ರವರಿಯಲ್ಲಿ ಆ ಸೌಲಭ್ಯ ನಿಂತಿತು. ಹೊರಗಿನವರಿಗೆ ಕೊಟ್ಟ ಮಾತನ್ನು ಒಳಗಿನವರು ಒಂದು ಹೇಳಿಕೆಯಿಂದ ಹಿಂದೆಗೆಸಬಲ್ಲರು ಎಂಬುದನ್ನು ಹೊರದೇಶಗಳ ರಾಯಭಾರಿಗಳು ಆ ಕೆಲವೇ ವಾರಗಳಲ್ಲಿ ಕಣ್ಣಾರೆ ಕಂಡರು. ಅಲ್ಲಿಂದ ಮುಂದೆ ಅವರು ಕೇಳುವ ಪ್ರಶ್ನೆಗಳ ಧಾಟಿಯೇ ಬದಲಾಯಿತು.

ಪೂರ್ಣ ಬಜೆಟ್ ಬರಲಿಲ್ಲ. ಮಾರ್ಚ್ 4ರಂದು ಹಣಕಾಸು ಸಚಿವ ಯಶವಂತ ಸಿನ್ಹಾ ಅವರು ಮಧ್ಯಂತರ ಬಜೆಟ್ಟನ್ನಷ್ಟೇ ಮಂಡಿಸಿದರು, ಎರಡು ದಿನಗಳಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು, ಮಾರ್ಚ್ 13ರಂದು ಲೋಕಸಭೆ ವಿಸರ್ಜನೆಯಾಯಿತು. ಆ ಕ್ಷಣದಿಂದ ನಾವು ಹಂಗಾಮಿ ಸರ್ಕಾರದ ಪರವಾಗಿ ಸಾಲ ಕೇಳುವವರಾದೆವು.

ಆ ತಿಂಗಳಲ್ಲಿ ಸಾಲ ಕೊಡುವ ಸಂಸ್ಥೆಯೊಂದರ ಪ್ರತಿನಿಧಿಯ ಜೊತೆ ನಡೆದ ಸಭೆಗೆ ಟಿಪ್ಪಣಿ ಬರೆದುಕೊಳ್ಳಲು ನನ್ನನ್ನೂ ಕೂರಿಸಿದ್ದರು. ನಾವು ರಫ್ತಿನ ಅಂದಾಜು, ತೈಲದ ಬಳಕೆ, ಬಡ್ಡಿ ಪಾವತಿಯ ವೇಳಾಪಟ್ಟಿ ಎಲ್ಲವನ್ನೂ ಜೋಡಿಸಿಕೊಂಡು ಹೋಗಿದ್ದೆವು. ಅವರು ಅಂಕಿಗಳನ್ನು ಹೆಚ್ಚು ಕೆದಕಲಿಲ್ಲ. ಸೌಜನ್ಯದಿಂದಲೇ, ಈ ಪತ್ರಕ್ಕೆ ಸಹಿ ಹಾಕುವವರು ಜೂನ್ ತಿಂಗಳಲ್ಲಿ ಇದೇ ಕುರ್ಚಿಯಲ್ಲಿ ಇರುತ್ತಾರೆಯೇ ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ದೇಶದ ಆರ್ಥಿಕತೆ ಸಾಲ ತೀರಿಸಬಲ್ಲದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ಯಾರ ಮಾತು ನಿಲ್ಲುತ್ತದೆ ಎಂಬ ಪ್ರಶ್ನೆಗೆ ಇರಲಿಲ್ಲ.

ಅಂದು ರಾತ್ರಿ ನಾನು ನನ್ನ ಟಿಪ್ಪಣಿಯ ವಿನ್ಯಾಸವನ್ನೇ ಬದಲಿಸಿದೆ. ಅದುವರೆಗೆ ನಾವು ಕೊಡಬಹುದಾದ ಭರವಸೆಗಳನ್ನು ಕೃಷಿ, ಉದ್ಯಮ, ವ್ಯಾಪಾರ, ಬ್ಯಾಂಕಿಂಗ್ ಎಂದು ವಿಷಯವಾರು ಬರೆಯುತ್ತಿದ್ದೆವು. ಅದನ್ನು ಕೈಬಿಟ್ಟು, ಮೂರು ಕಾಲಂಗಳ ಪಟ್ಟಿ ಮಾಡಿದೆ. ರಿಸರ್ವ್ ಬ್ಯಾಂಕ್ ತನ್ನ ಅಧಿಕಾರದಲ್ಲೇ ನಾಳೆ ಮಾಡಬಹುದಾದದ್ದು ಮೊದಲನೆಯದರಲ್ಲಿ, ಹಂಗಾಮಿ ಸರ್ಕಾರ ಕಾರ್ಯಾಂಗದ ಆದೇಶದಿಂದ ಮಾಡಬಹುದಾದದ್ದು ಎರಡನೆಯದರಲ್ಲಿ, ಸಂಸತ್ತು ಕೂಡದೆ ಆಗದೇ ಇರುವಂಥದ್ದು ಮೂರನೆಯದರಲ್ಲಿ. ಬರೆದು ಮುಗಿಸಿದಾಗ ಮೂರನೆಯ ಕಾಲಂ ಉದ್ದವಾಗಿತ್ತು, ಮೊದಲೆರಡು ಗಿಡ್ಡವಾಗಿದ್ದವು. ಹೊಸ ತೆರಿಗೆ, ಕೊರತೆಯ ಕಡಿತ ಎಲ್ಲ ಮೂರನೆಯದಕ್ಕೆ ಸೇರಿದವು. ರಸಗೊಬ್ಬರದ ದರವನ್ನು ಏರಿಸಲು ಕಾನೂನಿನ ಪ್ರಕಾರ ಆದೇಶವೊಂದು ಸಾಕಾಗಬಹುದಿತ್ತು. ಆದರೆ ಚುನಾವಣೆಗೆ ಹೊರಟ ಹಂಗಾಮಿ ಸರ್ಕಾರ ರೈತನ ಮೇಲೆ ಅಂಥ ಹೊರೆ ಹೊರಿಸುವ ನೈತಿಕ ಅಧಿಕಾರ ಹೊಂದಿದೆಯೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದ್ದರಿಂದ ಅದನ್ನೂ ಮೂರನೆಯದರಲ್ಲೇ ಬರೆದೆ.

ಸಾಲ ಕೊಡುವವರು ಕೇಳುತ್ತಿದ್ದುದೆಲ್ಲ ಮೂರನೆಯ ಕಾಲಂನಲ್ಲಿತ್ತು. ನಮ್ಮ ಕೈಯಲ್ಲಿದ್ದುದು ಮೊದಲೆರಡರಲ್ಲಿ. ಮುಂದಿನ ನಾಲ್ಕು ತಿಂಗಳ ಕಥೆಯೆಲ್ಲ ಈ ಅಂತರದಿಂದ ಹುಟ್ಟಿದ್ದು.

ಮೊದಲ ಕಾಲಂನಲ್ಲಿ ಆಮದಿನ ಬಿಗಿ ಇತ್ತು. ಆಮದುದಾರರು ಬ್ಯಾಂಕಿನಲ್ಲಿ ಎಲ್‌ಸಿ (ಸರಕಿನ ಹಣ ಪಾವತಿಸುವುದಾಗಿ ಬ್ಯಾಂಕ್ ಕೊಡುವ ಖಾತರಿ ಪತ್ರ) ತೆರೆಯುವಾಗ ಮುಂಗಡವಾಗಿ ಇಡಬೇಕಾದ ನಗದನ್ನು ಅಕ್ಟೋಬರ್‌ನಲ್ಲೇ ಸರಕಿನ ಬೆಲೆಯ 50 ಶೇಕಡಕ್ಕೆ ನಿಗದಿ ಮಾಡಲಾಗಿತ್ತು. ಮಾರ್ಚ್‌ನಲ್ಲಿ ಅದನ್ನು 133 ಶೇಕಡಕ್ಕೂ, ಏಪ್ರಿಲ್‌ನಲ್ಲಿ 200 ಶೇಕಡದವರೆಗೂ ಏರಿಸಲಾಯಿತು. ನೂರು ರೂಪಾಯಿಯ ಯಂತ್ರದ ಬಿಡಿಭಾಗ ತರಿಸಲು ಇನ್ನೂರು ರೂಪಾಯಿ ಕಟ್ಟಿಡಬೇಕು ಎಂದರೆ ಸಣ್ಣ ಕಾರ್ಖಾನೆಗೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ ನನ್ನ ಸಹಪಾಠಿ ಆ ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ ನಡೆಸಿದ. ಡಾಲರ್ ಉಳಿಯಿತು, ನಿಜ. ಆದರೆ ರಫ್ತು ಮಾಡುವವನಿಗೂ ಆಮದಾದ ಕಚ್ಚಾವಸ್ತು ಬೇಕು ಎಂಬುದನ್ನು ನಾವು ಸಾಕಷ್ಟು ಬೇಗ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ನನ್ನಿಂದಾದ ಒಂದು ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಬೆಳಗಿನ ಪುಟದಲ್ಲಿ ನಾನು ವಿದೇಶಿ ಬ್ಯಾಂಕುಗಳಿಂದ ನಮ್ಮ ಬ್ಯಾಂಕುಗಳಿಗೆ ಸಿಗುತ್ತಿದ್ದ ಅಲ್ಪಾವಧಿ ಸಾಲದ ಮಿತಿಯನ್ನು ಲಭ್ಯ ಹಣದ ಸಾಲಿನಲ್ಲಿ ತೋರಿಸುತ್ತಿದ್ದೆ. ಈ ಸಾಲಗಳು ಕೆಲವೊಮ್ಮೆ ಒಂದೇ ರಾತ್ರಿಗೆ ಸಿಗುವಂಥವು, ಮರುದಿನ ಮತ್ತೆ ನವೀಕರಣವಾಗಬೇಕು. ಏಪ್ರಿಲ್‌ನ ಒಂದು ದಿನ ಒಂದು ಬ್ಯಾಂಕ್ ನವೀಕರಿಸಲಿಲ್ಲ. ಅದು ತಿಳಿಸುವ ಟೆಲೆಕ್ಸ್ ಹಿಂದಿನ ಸಂಜೆಯೇ ಬಂದಿತ್ತು. ನಾನು ಅದನ್ನು ನೋಡದೆ ಹಳೆಯ ಮಿತಿಯನ್ನೇ ಬರೆದು ಕಳಿಸಿದ್ದೆ. ಮಧ್ಯಾಹ್ನದೊಳಗೆ ತಪ್ಪು ಗೊತ್ತಾಯಿತು, ಬೇರೆ ಕಡೆಯಿಂದ ಸರಿದೂಗಿಸಲಾಯಿತು. ನನ್ನ ಮೇಲಧಿಕಾರಿ ಗದರಲಿಲ್ಲ. ಕಾಗದವನ್ನು ನನ್ನ ಮುಂದಿಟ್ಟು, ಕೊಡುತ್ತೇನೆ ಎಂದು ಹೇಳಿರುವ ಹಣವನ್ನು ಇರುವ ಹಣದ ಜೊತೆ ಇನ್ನು ಮುಂದೆ ಕೂಡಿಸಬೇಡಿ ಎಂದರು. ಅಂದಿನಿಂದ ಪುಟದಲ್ಲಿ ಎರಡು ಮೊತ್ತಗಳು ಬರತೊಡಗಿದವು, ಕೊಡುತ್ತೇನೆ ಎಂದ ಹಣ ಮೊದಲು, ಕೈಯಲ್ಲಿ ಇರುವ ಹಣ ಆಮೇಲೆ. ಎರಡನೆಯದು ಮೊದಲನೆಯದಕ್ಕಿಂತ ಯಾವಾಗಲೂ ಬಹಳ ಚಿಕ್ಕದು. ಅನಿವಾಸಿ ಭಾರತೀಯರ ಠೇವಣಿಗಳೂ ಆ ತ್ರೈಮಾಸಿಕದಲ್ಲಿ ವೇಗವಾಗಿ ಹೊರಗೆ ಹೋಗುತ್ತಿದ್ದವು. ಮಾತುಕೊಟ್ಟ ದೇಶಗಳ ರಾಜಧಾನಿಗಳಿಂದ ನಮ್ಮ ರಾಯಭಾರ ಕಚೇರಿಗಳು ಕಳಿಸುತ್ತಿದ್ದ ಸಂದೇಶಗಳ ಸಾರ ಒಂದೇ: ಸಹಾನುಭೂತಿಯಿದೆ, ಚುನಾವಣೆ ಮುಗಿಯಲಿ.

ಚಿನ್ನದ ವಿಚಾರ ಬಂದದ್ದು ಎರಡನೆಯ ಕಾಲಂನಿಂದ. ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಚಿನ್ನ ಸರ್ಕಾರದ ಬಳಿ ಇತ್ತು. ಅದರಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿಗೆ ಗುತ್ತಿಗೆಯಾಗಿ ಕೊಟ್ಟು, ಅದರ ಮೂಲಕ ಮೇ ತಿಂಗಳಲ್ಲಿ ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್‌ಲೆಂಡಿಗೆ ಮರುಖರೀದಿಯ ಹಕ್ಕಿನೊಂದಿಗೆ ಮಾರಲಾಯಿತು. ಸುಮಾರು 20 ಕೋಟಿ ಡಾಲರ್ ಬಂತು. ಆ ಮೊತ್ತ ಕೆಲವು ದಿನಗಳ ಆಮದಿಗಷ್ಟೇ ಸಾಕು. ಹಾಗಿದ್ದರೂ ಅದಕ್ಕೆ ಬೆಲೆಯಿತ್ತು, ಏಕೆಂದರೆ ಚಿನ್ನ ಕೊಡುವಾಗ ಜೂನ್‌ನಲ್ಲಿ ಯಾರು ಇರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ದೇಶದ ಮರ್ಯಾದೆಯನ್ನು ಒತ್ತೆ ಇಟ್ಟರೆಂದು ಆಮೇಲೆ ಬಹಳ ಜನ ನೊಂದು ಮಾತಾಡಿದರು. ಆ ನೋವು ನನಗೂ ಇತ್ತು. ಆದರೆ ಹೊಟ್ಟೆಗಿಲ್ಲದ ಆಷಾಢದಲ್ಲಿ ಬಿತ್ತನೆ ಬೀಜಕ್ಕಾಗಿ ಮನೆಯ ಒಡವೆ ಅಡವಿಡುವ ರೈತ ಕುಟುಂಬದಿಂದ ಬಂದವನಾಗಿ, ಪಡೆದ ಸಾಲದ ಕಂತನ್ನು ತಪ್ಪಿಸದಿರುವುದೇ ಮರ್ಯಾದೆಯೆಂದು ನಾನು ತಿಳಿದಿದ್ದೆ. ಸ್ವತಂತ್ರ ಭಾರತ ಅದುವರೆಗೆ ಒಂದು ಕಂತನ್ನೂ ತಪ್ಪಿಸಿರಲಿಲ್ಲ.

ಮೇ 20ರಂದು ಮೊದಲ ಸುತ್ತಿನ ಮತದಾನವಾಯಿತು. ಮರುದಿನ ರಾತ್ರಿ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಉಳಿದ ಸುತ್ತುಗಳು ಜೂನ್ ಮಧ್ಯಕ್ಕೆ ಹೋದವು, ನಾವು ಸಿದ್ಧಪಡಿಸಿದ್ದ ಎಲ್ಲ ವೇಳಾಪಟ್ಟಿಗಳಿಗೂ ಮೂರು ವಾರ ಕೂಡಿಸಬೇಕಾಯಿತು. ದುಃಖದ ನಡುವೆ ಕುಳಿತು ದಿನಗಳನ್ನು ಡಾಲರುಗಳಿಗೆ ಪರಿವರ್ತಿಸಿದ ಆ ಬೆಳಗನ್ನು ನಾನು ಮರೆತಿಲ್ಲ.

ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ ಮೊದಲ ಕಾಲಂನಲ್ಲಿತ್ತು, ಆದರೆ ಅದಕ್ಕೂ ಗಡಿಯೊಂದು ಇತ್ತು. ರಿಸರ್ವ್ ಬ್ಯಾಂಕ್ ಕಾಯ್ದೆಯ 33ನೇ ಕಲಮಿನ ಪ್ರಕಾರ ಚಿನ್ನದ ಇಪ್ಪತ್ತರಲ್ಲಿ ಹದಿನೇಳು ಭಾಗಕ್ಕೆ ಕಡಿಮೆಯಿಲ್ಲದಂತೆ ಭಾರತದಲ್ಲೇ ಇರಬೇಕು. ಕಾಯ್ದೆ ತಿದ್ದಲು ಸಂಸತ್ತಿಲ್ಲ. ಆದ್ದರಿಂದ ಹೊರಗೆ ಕಳಿಸಬಹುದಾದದ್ದು ಉಳಿದ ಮೂರು ಭಾಗದೊಳಗೇ ಇರಬೇಕಾಗಿತ್ತು. ಜುಲೈನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಪಡೆಯಲು ಒತ್ತೆ ಇಟ್ಟ 46.91 ಟನ್ ಆ ಗಡಿಯ ಒಳಗಿನದು. ಚಿನ್ನ ಮುಂಬಯಿಯಲ್ಲೇ ಇರಲಿ, ನಿಮ್ಮ ಹೆಸರಿಗೆ ಬರೆದಿಡುತ್ತೇವೆ ಎಂಬ ವ್ಯವಸ್ಥೆಗೆ ಒಪ್ಪಿಗೆ ಸಿಗಲಿಲ್ಲ, ಅದು ವಿಮಾನದಲ್ಲಿ ಲಂಡನ್ನಿಗೇ ಹೋಗಬೇಕಾಯಿತು. ಅದೇ ವರ್ಷ ಆ ಸಾಲ ತೀರಿತು.

ಆ ಹೊತ್ತಿಗೆ ಹೊಸ ಸರ್ಕಾರ ಬಂದಿತ್ತು. ಜೂನ್ 21ರಂದು ಪಿ.ವಿ. ನರಸಿಂಹ ರಾವ್ ಪ್ರಮಾಣವಚನ ತೆಗೆದುಕೊಂಡಾಗ ಅವರ ಪಕ್ಷಕ್ಕೂ ಬಹುಮತವಿರಲಿಲ್ಲ. ಬಹುಮತವೇ ಎಲ್ಲ ಎಂದು ಮಾರ್ಚ್‌ನಲ್ಲಿ ನಂಬಿದ್ದ ನಾನು ಇಲ್ಲಿ ನನ್ನ ತಿಳಿವಳಿಕೆಯನ್ನು ತಿದ್ದಿಕೊಂಡೆ. ಅವರಿಗೆ ಇದ್ದದ್ದು ಸದನ: ಬಜೆಟ್ ಮಂಡಿಸಬಹುದಾದ, ಸೋಲುವುದಾದರೆ ಎಲ್ಲರೆದುರು ಸೋಲಬಹುದಾದ ಒಂದು ಜಾಗ. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಇಳಿಸಿದ್ದು ಸಂಸತ್ತಿನ ಹೊರಗಿನ ಕ್ರಮವೇ. ಆದರೆ ಹೊರದೇಶಗಳ ಪ್ರತಿನಿಧಿಗಳು ಮತ್ತೆ ನಮ್ಮ ಕೊಠಡಿಗಳಿಗೆ ಬರತೊಡಗಿದ್ದು, ಕಾಗದದ ಮೇಲಿನ ಸಹಿಗೆ ಹಿಂದೆ ಒಂದು ಸದನವಿದೆ ಎಂದು ಕಂಡ ಮೇಲೆ.

ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸುವಾಗ ನಾನು ಕಚೇರಿಯಲ್ಲೇ ರೇಡಿಯೊ ಕೇಳುತ್ತ, ನಾಲ್ಕು ತಿಂಗಳ ಹಿಂದಿನ ಪಟ್ಟಿಯನ್ನು ಮುಂದೆ ಇಟ್ಟುಕೊಂಡಿದ್ದೆ. ಮೂರನೆಯ ಕಾಲಂನ ಸಾಲುಗಳನ್ನು ಒಂದೊಂದಾಗಿ ಹೊಡೆಯುತ್ತ ಬಂದೆ. ರಸಗೊಬ್ಬರದ ದರ 40 ಶೇಕಡ ಏರಿಕೆ ಎಂದು ಬರೆದುಕೊಂಡ ಸಾಲನ್ನು ಆಗಸ್ಟ್‌ನಲ್ಲಿ 30 ಎಂದು ತಿದ್ದಬೇಕಾಯಿತು, ಸದಸ್ಯರು ಸದನದಲ್ಲಿ ಜಗಳವಾಡಿ ಇಳಿಸಿದ್ದರು. ತಿದ್ದಿದ ಪಟ್ಟಿಯನ್ನು ಕಡತಕ್ಕೆ ಸೇರಿಸಿ, ನನ್ನ ಜಾಗಕ್ಕೆ ಬಂದಿದ್ದ ಅಧಿಕಾರಿಗೆ ಒಪ್ಪಿಸಿದೆ.